ಆಶಾ ಫಾರ್ಮಿನಲ್ಲಿ ಇಲ್ಲದ ಪ್ರಶ್ನೆ

2022ರ ಜನವರಿಯ ಕೊನೆಗೆ ಬೆಂಗಳೂರಿನಲ್ಲಿ ಮಾಜಿ ಮುಖ್ಯಮಂತ್ರಿಯೊಬ್ಬರ ಕುಟುಂಬದ ಯುವ ವೈದ್ಯೆ, ಎಳೆ ಮಗುವಿನ ತಾಯಿ, ಪ್ರಾಣ ಕಳೆದುಕೊಂಡರು. ಆಗ ಗೃಹ ಸಚಿವರಾಗಿದ್ದ ಆರಗ ಜ್ಞಾನೇಂದ್ರ ಅವರು ಮಾಧ್ಯಮದ ಮುಂದೆ ಹೆರಿಗೆ ನಂತರದ ಖಿನ್ನತೆಯ ಮಾತೆತ್ತಿದರು. ಆ ಕಾಯಿಲೆಯ ಹೆಸರು ಮನೆಮನೆಯ ಟಿವಿಯಲ್ಲಿ ಕೇಳಿಸಿತು. ಆದರೆ ಹೆಸರು ತಿಳಿದ ಮಾತ್ರಕ್ಕೆ ಬಾಣಂತಿಯ ಕೋಣೆಯೊಳಗೆ ಏನೂ ಬದಲಾಗಲಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಈ ವಿಷಯ ಎತ್ತಿದರೆ ಹಿರಿಯರಿಂದ ಮೊದಲು ಬರುವ ಮಾತು: ‘ನಾವೆಲ್ಲ ಹೆರ್ಲಿಲ್ಯಾ?’ ಬಾಣಂತನ ಸರಿಯಾಗಿ ಮಾಡಿದರೆ ಇಂಥದ್ದೆಲ್ಲ ಹತ್ತಿರ ಸುಳಿಯದು ಎಂಬುದು ಅದರ ಬಾಲ. ಬಾಣಂತನವನ್ನು ಗೇಲಿ ಮಾಡುವುದು ಸುಲಭ, ತಪ್ಪು ಕೂಡ. ಮೈಗೆ ಎಣ್ಣೆ ತಿಕ್ಕಿ, ಬಚ್ಚಲ ಹಂಡೆಯ ಬಿಸಿನೀರನ್ನು ಸೊಂಟಕ್ಕೆ ಹೊಯ್ದು, ಮೀಯಿಸಿ ಮಲಗಿಸುವ ಹೆಂಗಸು, ಮೆಂತೆ ಗಂಜಿ, ಕಾಳುಮೆಣಸಿನ ಸಾರು, ನಲವತ್ತು ದಿನ ಒಲೆಯಿಂದ ಬಿಡುಗಡೆ. ಗದ್ದೆ ನೆಟ್ಟು ಬದುಕುತ್ತಿದ್ದ ಹೆಣ್ಣಿಗೆ ಜೀವಮಾನದಲ್ಲಿ ಬೇರೆ ರಜೆಯೇ ಇರಲಿಲ್ಲ. ಆದರೆ ಅದೇ ಕೋಣೆಯಲ್ಲಿ ಫ್ಯಾನ್ ಹಾಕಬಾರದು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ನೀರು ಹೆಚ್ಚು ಕುಡಿಯಬಾರದು, ಓದಿದರೆ ಕಣ್ಣು ಹಾಳು, ಅತ್ತರೆ ಹಾಲು ಬತ್ತುತ್ತದೆ. ಕೊನೆಯದ್ದು ಎಲ್ಲಕ್ಕಿಂತ ಕ್ರೂರ. ಅಳು ತಡೆಯಲಾರದ ತಾಯಿಯನ್ನು ಅದು ಸ್ವಂತ ಮಗುವಿನ ಎದುರೇ ಅಪರಾಧಿ ಮಾಡುತ್ತದೆ.

ಇನ್ನೊಂದು ಉತ್ತರ ಓದಿದವರದು: ‘ಎಲ್ಲ ಹಾರ್ಮೋನ್.’ ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ದಿಢೀರನೆ ಇಳಿಯುವುದು ನಿಜ. ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು, ಎರಡು ವಾರದೊಳಗೆ ತಾನಾಗಿ ನಿಲ್ಲುವುದು ತೀರ ಸಾಮಾನ್ಯ. ಆದರೆ ಈ ಇಳಿತ ಹೆತ್ತ ಪ್ರತಿಯೊಬ್ಬಳಿಗೂ ಇದೆ, ವಾರಗಟ್ಟಲೆ ಹಿಡಿದು ಬಿಡದ ಖಿನ್ನತೆ ಎಲ್ಲರಿಗೂ ಇಲ್ಲ. ಕೆಲವರ ದೇಹ ಈ ಏರುಪೇರಿಗೆ ಹೆಚ್ಚು ಸೂಕ್ಷ್ಮ, ಥೈರಾಯ್ಡ್ ತೊಂದರೆಯನ್ನೂ ನೋಡಬೇಕು. ಇದನ್ನೆಲ್ಲ ಒಪ್ಪಿದ ಮೇಲೂ ಹಾರ್ಮೋನ್ ವಾದಕ್ಕೆ ಒಂದು ಅನುಕೂಲ ಉಳಿಯುತ್ತದೆ: ಅದು ಯಾರನ್ನೂ ದೂರುವುದಿಲ್ಲ. ಗಂಡ ಬಚಾವ್, ಅತ್ತೆ ಬಚಾವ್, ಸರ್ಕಾರವೂ ಬಚಾವ್.

ಇದೇ ಪಡುವಣ ಕರಾವಳಿಯ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು 270 ತಾಯಂದಿರನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿ ಈ ವಾದದ ಗಾಳಿ ತೆಗೆಯುತ್ತದೆ. ಹೆರಿಗೆಯಾದ ಆರರಿಂದ ಎಂಟು ವಾರಕ್ಕೆ ಶೇ 23ರಷ್ಟು ತಾಯಂದಿರಲ್ಲಿ ಖಿನ್ನತೆ ಇತ್ತು. ಅವರಲ್ಲಿ ಶೇ 78 ಮಂದಿ ಬಸುರಿನಲ್ಲೇ ನರಳುತ್ತಿದ್ದವರು, ಅಂದರೆ ಮಾಸು ಬೀಳುವ ಎಷ್ಟೋ ಮೊದಲೇ. ಬಡತನ, ಗಂಡನೊಂದಿಗಿನ ಕೆಟ್ಟ ಸಂಬಂಧ, ಹುಟ್ಟಿದ್ದು ಹೆಣ್ಣು ಎಂಬುದು ಅಲ್ಲಿ ಕಂಡ ಕಾರಣಗಳು. ಅದೇ ವರ್ಷ ವೆಲ್ಲೂರು ಬಳಿಯ ಹಳ್ಳಿಗಳ ಅಧ್ಯಯನ ಈ ಪಟ್ಟಿಗೆ ಅತ್ತೆಯೊಡನೆ, ಹೆತ್ತವರೊಡನೆ ಇರುವ ಮನಸ್ತಾಪವನ್ನೂ ಕೈಗೆ ಆಸರೆಯಿಲ್ಲದ್ದನ್ನೂ ಸೇರಿಸಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ಲೇಖನ ದೇಶದ 38 ಅಧ್ಯಯನಗಳನ್ನು ಒಟ್ಟು ಹಾಕಿ ಶೇ 22 ಎಂದಿತು. ಐವರು ಬಾಣಂತಿಯರಲ್ಲಿ ಒಬ್ಬಳು.

‘ನಮ್ಮದು ಅಳಿಯಸಂತಾನದ ನಾಡು, ಇಲ್ಲಿ ಹೆಣ್ಣು ಹುಟ್ಟಿದರೆ ಯಾರೂ ಮುಖ ಸಿಂಡರಿಸುವುದಿಲ್ಲ’ ಎನ್ನುವವರಿದ್ದಾರೆ. ಪುರಾವೆಗೆ 2011ರ ಜನಗಣತಿಯನ್ನೂ ತೋರಿಸುತ್ತಾರೆ: ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು, ರಾಜ್ಯಕ್ಕೇ ಮೊದಲು. ಆ ಅಂಕಿ ಹೆಣ್ಣಿನ ಗೌರವಕ್ಕಿಂತ ಗಂಡಸರ ಗೈರುಹಾಜರಿಯನ್ನು ಹೆಚ್ಚು ಹೇಳುತ್ತದೆ. ಗಂಡ ಬೆಂಗಳೂರಿನ, ಮುಂಬೈಯ ಹೋಟೆಲಿನಲ್ಲಿ, ಇಲ್ಲವೇ ಗಲ್ಫಿನಲ್ಲಿ, ಇಲ್ಲವೇ ಗಂಗೊಳ್ಳಿಯಿಂದ ಹೊರಟು ದಿನಗಟ್ಟಲೆ ಕಡಲಲ್ಲೇ ಇರುವ ಬೋಟಿನಲ್ಲಿ. ತೊಟ್ಟಿಲು ಹಾಕುವ ದಿನಕ್ಕೆ ಬಂದು, ಫೋಟೊ ತೆಗೆಸಿಕೊಂಡು, ವಾಪಸ್ ಬಸ್ ಹತ್ತುವವನನ್ನು ಆಸರೆ ಎನ್ನುವುದು ಹೇಗೆ? ತವರಿನಲ್ಲಿ ತಾಯಿಯೂ ಗೇರುಬೀಜ ಕಾರ್ಖಾನೆಗೆ ಹೋಗುವವಳಾದರೆ, ಹಗಲಿಡೀ ಬಾಣಂತಿ ಮತ್ತು ಕೂಸು, ಇಬ್ಬರೇ.

ಆ ಮನೆಗೆ ಹೋಗುವ ಸರ್ಕಾರದ ಪ್ರತಿನಿಧಿ ಒಬ್ಬಳಿದ್ದಾಳೆ, ಆಶಾ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ, ಒಟ್ಟು ಆರು ಸಲ ಅವಳು ಹೋಗಬೇಕು. ಮಗುವನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ. ಕೈಯಲ್ಲಿರುವ ಫಾರ್ಮಿನಲ್ಲಿ ತಾಯಿಗೂ ಪ್ರಶ್ನೆಗಳಿವೆ: ದಿನಕ್ಕೆ ಎಷ್ಟು ಊಟ, ಎಷ್ಟು ಪ್ಯಾಡ್, ಸ್ರಾವ ವಾಸನೆ ಬರುತ್ತದೆಯೇ, ಅಸಂಬದ್ಧವಾಗಿ ಮಾತಾಡುತ್ತಾಳೆಯೇ, ಫಿಟ್ಸ್ ಬಂದಿದೆಯೇ. ಬಾಣಂತಿ ಸನ್ನಿಯಾಗಿ ಕಿರುಚಿದರೆ ಫಾರ್ಮಿಗೆ ಗೊತ್ತಾಗುತ್ತದೆ. ಸದ್ದಿಲ್ಲದೆ ಗೋಡೆಗೆ ಮುಖ ಮಾಡಿ ಮಲಗಿದವಳು ಅದಕ್ಕೆ ಕಾಣುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳೇನೂ ಹೊಸದಾಗಿ ಹುಟ್ಟಬೇಕಿಲ್ಲ. 1987ರಲ್ಲಿ ಜಾನ್ ಕಾಕ್ಸ್ ಮತ್ತು ಸಹೋದ್ಯೋಗಿಗಳು ಸಿದ್ಧಪಡಿಸಿದ ಎಡಿನ್‌ಬರ್ಗ್ ಮಾಪಕದಲ್ಲಿ ಇರುವುದು ಹತ್ತೇ ಪ್ರಶ್ನೆ. ಅದು ಕನ್ನಡಕ್ಕೆ ಬಂದು, ರಾಜ್ಯದ ಹಳ್ಳಿಯ ಬಸುರಿಯರಲ್ಲೇ ಪರೀಕ್ಷೆಯಾಗಿ ವರ್ಷಗಳಾದವು. ಕೇಳಿ ಏನು ಪ್ರಯೋಜನ ಎನ್ನುವವರು ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳನ್ನು ನೋಡಲಿ. ಅತೀಫ್ ರೆಹಮಾನ್ ತಂಡ ಅಲ್ಲಿನ ಆರೋಗ್ಯ ಕಾರ್ಯಕರ್ತೆಯರಿಗೇ ಮನೆಯಲ್ಲಿ ಕೂತು ಮಾತಾಡಿಸುವ ತರಬೇತಿ ಕೊಟ್ಟಿತು. ಮಗುವಿಗೆ ಆರು ತಿಂಗಳಾಗುವಾಗ ಅವರು ನೋಡಿಕೊಂಡ ತಾಯಂದಿರಲ್ಲಿ ಶೇ 23 ಮಂದಿಗೆ ಖಿನ್ನತೆ ಉಳಿದಿತ್ತು, ಉಳಿದ ಗುಂಪಿನಲ್ಲಿ ಶೇ 53. ಇದು 2008ರ ‘ಲ್ಯಾನ್ಸೆಟ್’ನಲ್ಲಿದೆ. ಮಾತ್ರೆಯಲ್ಲ, ಮಾತು.

ಆಶಾಗಳ ತಲೆಗೆ ಇನ್ನೊಂದು ಹೊರೆಯೇ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಆರು ಭೇಟಿಗೆ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಭೇಟಿಗೆ 42 ರೂಪಾಯಿಯೂ ಬೀಳುವುದಿಲ್ಲ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂತದ್ದು ಸುಮ್ಮನೆ ಅಲ್ಲ. ಹತ್ತು ಪ್ರಶ್ನೆ ಸೇರಿಸುವ ಇಲಾಖೆ ಅದರ ಕೂಲಿಯನ್ನೂ ಸೇರಿಸಬೇಕು.

ಉತ್ತರ ಬಂದ ಮೇಲೆ ಎಲ್ಲಿಗೆ ಕಳಿಸುವುದು? ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿದೆ. ಆದರೆ ನಲವತ್ತು ದಿನ ಹೊಸ್ತಿಲು ದಾಟದ ಬಾಣಂತಿಗೆ ಮಂಗಳವಾರವೂ ಒಂದೇ, ಶನಿವಾರವೂ ಒಂದೇ. ಬೈಂದೂರಿನಿಂದ ಉಡುಪಿ ಸುಮಾರು 70 ಕಿಲೋಮೀಟರ್. ಕನ್ನಡದಲ್ಲೇ ಮಾತಾಡುವ ಟೆಲಿ-ಮನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ, ಉಚಿತ. ಆ ಸಂಖ್ಯೆಯನ್ನು ತಾಯಿ ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲು ಆಯೋಗ ಬೇಕಿಲ್ಲ. ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆಗೆ ಕಾನೂನಿನಲ್ಲೇ ಉತ್ತರವಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ತಾಯಿ, ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ಘಟಕವನ್ನು ನಿಮ್ಹಾನ್ಸ್ 2009ರಲ್ಲೇ ಐದು ಹಾಸಿಗೆಯಿಂದ ಶುರು ಮಾಡಿತು. ಉಡುಪಿಯ ಸರ್ಕಾರಿ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ಅಂಥ ಎರಡು ಹಾಸಿಗೆಯನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಶಾಸಕರು ಮುಂದಿನ ಬಜೆಟ್ಟಿನಲ್ಲೇ ಕೇಳಬಹುದು.