ಗಿಟಾರಿಗೆ ಹಿಡಿಕಿ ಹಾಕಸ್ರಿ, ತೂತು ಹಾಕಸಬ್ಯಾಡ್ರಿ

ನಮ್ಮ ಓಣ್ಯಾಗ ಈಗ ನಾಲ್ಕು ಮನ್ಯಾಗ ಎಲೆಕ್ಟ್ರಿಕ್ ಗಿಟಾರ್ ಅವ. ವರ್ಷ ಎರಡು ವರ್ಷ ನುಡಿಸಿದ ಮ್ಯಾಲೆ ಹುಡುಗ್ರಿಗೆಲ್ಲಾ ಒಂದ ಆಶಾ ಹುಟ್ತದ, "ಅವ್ವಾ, ಇದಕ್ಕ ಬಿಗ್ಸ್‌ಬಿ ಹಾಕಸೂಣು" ಅಂತ. ಹಾಕಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಹಳೇ ಗಿಟಾರಿನ ಮೈಗೆ ಡ್ರಿಲ್ ಹಚ್ಚಲಿಕ್ಕೆ ಮಾತ್ರ ಒಪ್ಪಬ್ಯಾಡ್ರಿ.

ಅದೇನು ಅಂತ ಮೊದಲ ಹೇಳ್ತೀನಿ. ತಂತಿಯ ತುದಿ ಸಿಗಿಸೋ ಟೇಲ್‌ಪೀಸಿಗೆ ಒಂದು ಹಿಡಿಕಿ, ಹಿಡಿಕಿ ಕೆಳಗ ಒಂದು ಸ್ಪ್ರಿಂಗ್. ಒತ್ತಿದ್ರ ತಂತಿ ಸಡಲಾಗಿ ಸ್ವರ ಇಳೀತದ, ಬಿಟ್ರ ತಿರುಗಿ ತನ್ನ ಜಾಗಕ್ಕ ಬರ್ತದ. ಸಿತಾರದಾಗ ಮೀಂಡ್ ತಗೀಲಿಕ್ಕೆ ಒಂದ ತಂತಿ ಎಳೀತಾರಲ್ಲ, ಇಲ್ಲೆ ಆರೂ ತಂತಿ ಒಮ್ಮೆಲೇ ಅಳ್ಳಾಡ್ತಾವ. ಇದಕ್ಕ ಟ್ರೆಮೊಲೊ ಅಂತನೂ ಅಂತಾರ. 1954ರಾಗ ಫೆಂಡರ್ ಕಂಪನಿ ತನ್ನ ಸ್ಟ್ರ್ಯಾಟೊಕ್ಯಾಸ್ಟರಿನ ಹಿಡಿಕಿಗೆ ಆ ಹೆಸರ ಇಟ್ಟಿತ್ತು. ಖರೇ ಅಂದ್ರ ಸ್ವರ ಅಳ್ಳಾಡಿದ್ರ ವೈಬ್ರಾಟೊ, ಸಪ್ಪಳ ಹೆಚ್ಚುಕಡಿಮಿ ಆದ್ರ ಟ್ರೆಮೊಲೊ.

ಅಮೇರಿಕಾದಾಗ ಮರ್ಲ್ ಟ್ರಾವಿಸ್ ಅನ್ನೋ ವಾದಕರ ಗಿಟಾರಿನ ಹಿಡಿಕಿ ಶ್ರುತಿ ಕೆಡಸ್ತಿತ್ತು. ಅದನ್ನ ಪಾಲ್ ಬಿಗ್ಸ್‌ಬಿ ಕಡೆ ರಿಪೇರಿಗೆ ಒಯ್ದ್ರು. ಬಿಗ್ಸ್‌ಬಿ ಮುಂದ ತಾವ ಹೊಸಾದೊಂದು ಮಾಡಿದ್ರು. ಅಂದ್ರ ಈ ಸಾಮಾನು ಹುಟ್ಟಿದ್ದ ಶ್ರುತಿ ಕೆಡಬಾರದು ಅಂತ.

ನಮ್ಮ ಮನಿ ಗಿಟಾರ್ ನನ್ನ ತಮ್ಮಂದು. ಅಂವ ಈಗ ಇಲ್ಲ. ಮಗಾ ಅದನ್ನ ರಿಪೇರಿ ಅಂಗಡಿಗೆ ಒಯ್ದಾಗ, "ಮೈಗೆ ಹೊಸಾ ತೂತು ಹಾಕಬೇಕು, ತಂತಿ ಬಿಗಿಯೋ ಕೀನೂ ಎಲ್ಲಾ ಬದಲಿ ಮಾಡ್ರಿ" ಅಂದ್ರಂತ. ನಾ ಒಪ್ಪಲಿಲ್ಲ. ಚುಚ್ಚಿದ ಕಿವಿ ಬಿಟ್ರ ಮುಚ್ಚಿಕೊಂಡೀತು, ಕಟಗಿಗೆ ಹಾಕಿದ ತೂತು ತಾನ ಮುಚ್ಚೂದಿಲ್ಲ. ಹುಡುಕಿದ್ರ ದಾರಿ ಅದ. ವೈಬ್ರಾಮೇಟ್ ಅಂತ ಒಂದು ಲೋಹದ ಪಟ್ಟಿ ಸಿಗ್ತದ. ಹಳೇ ಟೇಲ್‌ಪೀಸಿನ ಬೋಲ್ಟ್ ಇದ್ದ ಜಾಗದಾಗ ಅದು ಕೂಡ್ತದ, ಅದರ ಮ್ಯಾಲೆ ಬಿಗ್ಸ್‌ಬಿ. ನಾಳೆ ಬ್ಯಾಡಾದ್ರ ಬಿಚ್ಚಿ ಮೊದಲಿನಂಗ ಮಾಡಬಹುದು. ತಗೊಳ್ಳೋ ಮುಂದ ಗಿಟಾರಿನ ಮೈ ನೋಡ್ರಿ: ಚಪ್ಪಟಿ ಇದ್ರ ಬಿ5, ಲೆಸ್ ಪಾಲ್ ಹಂಗ ಉಬ್ಬಿದ್ರ ಬಿ7.

ಇನ್ನ ಜ್ವಾಕಿ ಮಾತು. ಹಿಡಿಕಿ ಒತ್ತಿ ಬಿಟ್ಟ ಮ್ಯಾಲೆ ಶ್ರುತಿ ನಿಲ್ಲದಿದ್ರ ಹುಡುಗ್ರು ಕೀಗೆ ಬೈತಾರ. ಬಹಳ ಸಲ ತಪ್ಪು ಅದರದ್ದಲ್ಲ. ಕುತ್ತಿಗಿ ತುದ್ಯಾಗ ತಂತಿ ಹಾದು ಹೋಗೋ ಸಣ್ಣ ಸೀಳು ಇರ್ತಾವ, ಅದಕ್ಕ ನಟ್ ಅಂತಾರ. ತಂತಿ ಅಲ್ಲೆ ಸಿಕ್ಕೊಂಡು ವಾಪಸ್ ಸರಿಯೂದಿಲ್ಲ. ತಂತಿ ಬದಲಸೋ ಮುಂದ ಆ ಸೀಳಿಗೆ, ಬ್ರಿಜ್ಜಿನ ಮ್ಯಾಲೆ ತಂತಿ ಕೂಡೋ ಕಡೆ, ಪೆನ್ಸಿಲ್ ಮೊನಿ ತಿಕ್ಕಲಿ. ತಂತಿ ಒಂದೊಂದ ಬದಲಸಲಿ, ಹೊಸಾ ತಂತಿ ಕೈಲೆ ಮೆಲ್ಲಕ ಎಳದು ಎರಡ ಮೂರ ಸಲ ಶ್ರುತಿ ಮಾಡಲಿ. ಹಿಡಿಕಿ ತಿರುಗೋ ಬೇರಿಂಗಿಗೆ ಹೊಲಿಗಿ ಮಷೀನಿನ ಎಣ್ಣಿ ಒಂದ ಹನಿ ಸಾಕು. ಅಡಗಿಮನಿ ಎಣ್ಣಿ ಬ್ಯಾಡ, ಜಿಗಟಾಗಿ ಧೂಳು ಹಿಡೀತದ.

"ಸಂಗೀತ ನಮಗೇನ ತಿಳೀತದ" ಅಂತ ಸುಮ್ಮನ ರೊಕ್ಕ ಎಣಿಸಿ ಕೊಡಬ್ಯಾಡ್ರಿ, ಅಕ್ಕಂದ್ರ. ಹೊಲಿಗಿ ಮಷೀನು, ಮಿಕ್ಸರು ಜ್ವಾಕಿ ಮಾಡಿದ ಕೈ ನಮ್ಮವು. ಅಂಗಡಿಯವ್ರಿಗೆ ಎರಡ ಪ್ರಶ್ನೆ ಕೇಳ್ರಿ: ಹೊಸಾ ತೂತು ಎಷ್ಟು? ಕೀ ಬದಲಸೋಕಿಂತ ಮೊದಲ ನಟ್ ನೋಡೀರೇನು? ಉತ್ತರ ಸರಿ ಬರೂತನಕ ಗಿಟಾರ್ ಮನ್ಯಾಗ ಇರಲಿ.