ಮೊಬೈಲ್ ಕಿತ್ತುಕೊಳ್ಳುವ ಮುನ್ನ

16 ವರ್ಷದೊಳಗಿನ ಮಕ್ಕಳು ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್, ಟಿಕ್‌ಟಾಕ್‌ನಂತಹ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ಆಸ್ಟ್ರೇಲಿಯಾವು 2025ರ ಡಿಸೆಂಬರ್ 10ರಿಂದ ನಿಷೇಧಿಸಿತು. ಅಂಥದ್ದೊಂದು ಕಾನೂನು ನಮ್ಮಲ್ಲೂ ಬರಲಿ ಎಂದು ಹೆತ್ತವರು ಬಯಸಿದರೆ ಅದನ್ನು ತಪ್ಪೆನ್ನಲಾಗದು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರ ಮೇಯಲ್ಲಿ ಹೊರಡಿಸಿದ ಎಚ್ಚರಿಕೆಯು, ದಿನಕ್ಕೆ 3 ಗಂಟೆಗಿಂತ ಹೆಚ್ಚು ಕಾಲ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ ಮತ್ತು ಆತಂಕದ ಅಪಾಯ ಇಮ್ಮಡಿಯಾಗಿರುತ್ತದೆ ಎಂದಿತ್ತು. ಆದ್ದರಿಂದ ಅಪಾಯ ಇದೆಯೋ ಇಲ್ಲವೋ ಎಂಬ ಚರ್ಚೆಯ ಅಗತ್ಯವಿಲ್ಲ.

ಆದರೆ ಮಕ್ಕಳು ಅಲ್ಲಿ ಮಾಡುತ್ತಿರುವುದೇನು ಎಂಬುದನ್ನು ಹೆತ್ತವರಲ್ಲಿ ಎಷ್ಟು ಮಂದಿ ಬಲ್ಲರು? ಸ್ನ್ಯಾಪ್‌ಚಾಟ್‌ನಲ್ಲಿ 'ಸ್ಟ್ರೀಕ್' ಎಂಬುದೊಂದಿದೆ. ಗೆಳೆಯರಿಬ್ಬರೂ ಪ್ರತಿ 24 ಗಂಟೆಯೊಳಗೆ ಪರಸ್ಪರ ಚಿತ್ರ ಕಳುಹಿಸುತ್ತಿರಬೇಕು. ಎಷ್ಟು ದಿನ ತಪ್ಪದೆ ಕಳುಹಿಸಿದರು ಎಂಬ ಸಂಖ್ಯೆ ಹೆಸರಿನ ಪಕ್ಕದಲ್ಲಿ ಬೆಂಕಿಯ ಗುರುತಿನೊಂದಿಗೆ ಏರುತ್ತಾ ಹೋಗುತ್ತದೆ. ಒಂದು ದಿನ ತಪ್ಪಿತೋ, ಎಲ್ಲವೂ ಸೊನ್ನೆ. ಪರೀಕ್ಷೆಯ ದಿನಗಳಲ್ಲಿ ತಮ್ಮ ಪಾಸ್‌ವರ್ಡನ್ನೇ ಗೆಳೆಯರ ಕೈಗಿತ್ತು ಈ ಲೆಕ್ಕವನ್ನು ಕಾಯ್ದುಕೊಳ್ಳುವ ಮಕ್ಕಳಿದ್ದಾರೆ. (ಕಳೆದುಹೋದ ಸ್ಟ್ರೀಕನ್ನು ಹಣ ತೆತ್ತು ಮರಳಿ ಪಡೆಯುವ ವ್ಯವಸ್ಥೆಯನ್ನೂ ಕಂಪೆನಿ ಮಾಡಿಟ್ಟಿದೆ. ವ್ಯಾಪಾರಿಗೆ ಯಾವುದೂ ನಷ್ಟವಲ್ಲ.) ಹಿಂದೆ ಮಕ್ಕಳ ಜಗಳ ಮರುದಿನ ಶಾಲೆಯ ನಲ್ಲಿಯ ಬಳಿ ಮುಗಿದುಹೋಗುತ್ತಿತ್ತು. ಈಗ ಸಿಟ್ಟಿನಲ್ಲಿ ಬರೆದ ಒಂದು ಸಾಲು ಸ್ಕ್ರೀನ್‌ಶಾಟ್ ಆಗಿ ಉಳಿಯುತ್ತದೆ, ಮೂವತ್ತು ಮಂದಿಯ ಗ್ರೂಪಿಗೆ ರವಾನೆಯಾಗುತ್ತದೆ. ಮರೆಯಲು ಬಯಸುವವರಿಗೂ ಅದು ಮರೆಯಗೊಡುವುದಿಲ್ಲ.

ಹಾಗಂತ ಮೊಬೈಲನ್ನು ಶತ್ರುವೆಂದು ಸಾರುವ ಅರ್ಹತೆ ನಮಗಿದೆಯೇ? ಗಲ್ಫಿನಿಂದ ಊರಿಗೆ ಬರುವವರ ಕೈಯಲ್ಲಿ ಪತ್ರವನ್ನೂ, ಧ್ವನಿ ಮುದ್ರಿಸಿದ ಕ್ಯಾಸೆಟ್ಟನ್ನೂ ಕಳುಹಿಸುತ್ತಿದ್ದ ಕಾಲವನ್ನು ಕರಾವಳಿಯ ಮನೆಗಳು ಇನ್ನೂ ಮರೆತಿಲ್ಲ. ಇಂದು ಇಮೋದಲ್ಲೋ ಬೋಟಿಮ್‌ನಲ್ಲೋ ತಂದೆಯ ಮುಖ ದಿನವೂ ಕಾಣಿಸುತ್ತದೆ. ಆದರೆ ಆ ಹತ್ತು ನಿಮಿಷಗಳಲ್ಲಿ ಏಳು ನಿಮಿಷ ಅಂಕಪಟ್ಟಿಯ ವಿಚಾರಣೆಗೇ ಸಂದರೆ, ಮಗ ತನ್ನ ದುಃಖವನ್ನು ಯಾವಾಗ ಹೇಳಬೇಕು? ಊಟದ ಹೊತ್ತಿನಲ್ಲಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಉತ್ತರಿಸುತ್ತಿರುವ ತಾಯಿ ಮಗಳಿಗೆ ಮೊಬೈಲ್ ಕೆಳಗಿಡು ಎಂದರೆ ಆ ಮಾತಿಗೆ ತೂಕ ಎಲ್ಲಿಂದ ಬರಬೇಕು?

ಹೆಣ್ಣು ಮಕ್ಕಳ ವಿಷಯದಲ್ಲಿ ಮಾತು ಇನ್ನಷ್ಟು ಕಠಿಣವಾಗುತ್ತದೆ. ಮಗ ಸಂಜೆ ಮೈದಾನಕ್ಕೆ, ಹೋಟೆಲಿನ ಕಟ್ಟೆಗೆ ಹೋಗುತ್ತಾನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಕಾಲೇಜು ಬಿಟ್ಟೊಡನೆ ಮನೆ ಸೇರಬೇಕು. ಗೆಳತಿಯ ಮನೆ ಎರಡು ಬೀದಿ ಆಚೆಗಿದ್ದರೂ ಅನುಮತಿ ಬೇಕು. ಬೀದಿ, ಅಂಗಳ, ಗ್ರಂಥಾಲಯಗಳನ್ನು ಒಂದೊಂದಾಗಿ ಮುಚ್ಚಿದ ನಾವೇ, ಅವಳಿಗೆ ಉಳಿದಿರುವ ಏಕೈಕ ಅಂಗಳವಾದ ಮೊಬೈಲನ್ನು ಶಿಕ್ಷೆಯಾಗಿ ಕಿತ್ತುಕೊಳ್ಳುತ್ತೇವೆ. ಅವಳ ಪಾಲಿಗೆ ಅದು ಯಂತ್ರದ ನಷ್ಟವಲ್ಲ, ಗೆಳತಿಯರ ನಷ್ಟ. ಬಳಿಕ ಅವಳು ಕದ್ದು ಮಾತನಾಡಲು ಕಲಿತರೆ, ಅಪರಿಚಿತನ ಬೆದರಿಕೆಗೆ ಸಿಲುಕಿದಾಗಲೂ ಮನೆಯಲ್ಲಿ ಬಾಯಿ ಬಿಡದಿದ್ದರೆ, ಹೊಣೆ ಯಾರದು?

ಆಸ್ಟ್ರೇಲಿಯಾದ ಕಾನೂನು ದಂಡ ವಿಧಿಸುವುದು ಕಂಪೆನಿಗಳಿಗೆ, ಮಕ್ಕಳಿಗಲ್ಲ. ಅದರಲ್ಲಿ ಒಂದು ನ್ಯಾಯವಿದೆ. ಆದರೆ ಎರಡು ಬೀದಿ ಆಚೆಯ ಗೆಳತಿಯ ಮನೆಯ ಬಾಗಿಲನ್ನು ಯಾವ ಕಾನೂನೂ ತೆರೆದುಕೊಡಲಾರದು. ನಮ್ಮ ಪಟ್ಟಣಗಳ ಶಾದಿ ಮಹಲ್‌ಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ವಾರಕ್ಕೆ ಎರಡು ಸಂಜೆಯಾದರೂ ಅವುಗಳನ್ನು ಹೆಣ್ಣು ಮಕ್ಕಳಿಗೆ ಓದಲು, ಆಡಲು, ಸುಮ್ಮನೆ ಕುಳಿತು ಹರಟಲು ಬಿಟ್ಟುಕೊಡಲು ಏನು ಅಡ್ಡಿ? ಜಮಾಅತ್ ಕಮಿಟಿಗಳು ತಮ್ಮ ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳಲಿ. ಆ ಸಭೆಗೆ ತಾಯಂದಿರನ್ನೂ ಕರೆಯಲಿ.