ಹಳೆಯ ಸಾಮಾನು ಮಾರುವ ಮುನ್ನ

ಕಳೆದ ಮಳೆಗಾಲದ ಆರಂಭದ ದಿನಗಳು. ಒಂದು ಮಧ್ಯಾಹ್ನ ನೆರೆಮನೆಯ ಸಹೋದರಿ ಮೊಬೈಲ್ ಹಿಡಿದುಕೊಂಡು ಅವಸರದಿಂದ ಬಂದರು. ಮುಖದಲ್ಲಿ ಸಂತೋಷ, ಅದರ ಜೊತೆಗೆ ಸ್ವಲ್ಪ ಗಾಬರಿ.

"ನಮ್ಮ ಹೊಲಿಗೆ ಯಂತ್ರಕ್ಕೆ ಗಿರಾಕಿ ಸಿಕ್ಕಿದ್ದಾರೆ. ಒಂದು ರೂಪಾಯಿಯೂ ಚೌಕಾಶಿ ಮಾಡಲಿಲ್ಲ. ಅವರು ಕಳುಹಿಸಿದ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹಣ ಬರುತ್ತದಂತೆ. ಆದರೆ ಇದು ಪಿನ್ ಕೇಳುತ್ತಿದೆ. ಹಾಕಲೇ?"

ನಾನು ಮೊಬೈಲ್ ಪಡೆದು ಗಿರಾಕಿಯ ಸಂದೇಶಗಳನ್ನೆಲ್ಲ ಓದಿದೆ. ತಾನು ಸೈನಿಕನೆಂದೂ, ಬೇರೆ ಊರಿಗೆ ವರ್ಗವಾಗಿರುವುದರಿಂದ ಬರಲಾಗದೆಂದೂ, ಮೊದಲು ಹಣ ಹಾಕಿ ಸಂಜೆ ಗಾಡಿ ಕಳುಹಿಸುವೆನೆಂದೂ ಆತ ಬರೆದಿದ್ದ. ಸಮವಸ್ತ್ರ ಧರಿಸಿದವರೊಬ್ಬರ ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸಿದ್ದ. ಆದರೆ ಯಂತ್ರ ಓಡುತ್ತದೆಯೇ, ಎಷ್ಟು ವರ್ಷ ಹಳೆಯದು ಎಂಬ ಒಂದು ಪ್ರಶ್ನೆಯೂ ಇರಲಿಲ್ಲ. ಆರು ಸಾವಿರ ರೂಪಾಯಿ ಕೊಡುವವನು ಸಾಮಾನಿನ ಬಗ್ಗೆ ಏನನ್ನೂ ಕೇಳುವುದಿಲ್ಲವೆಂದರೆ ಅವನಿಗೆ ಬೇಕಾಗಿರುವುದು ಸಾಮಾನಲ್ಲ.

ಅದು ಅವರ ಉಮ್ಮ ಮದುವೆಯ ಸಮಯದಲ್ಲಿ ಕೊಟ್ಟ, ಕಾಲಿನಿಂದ ತುಳಿಯುವ ಯಂತ್ರ. ಮಗನ ಕಾಲೇಜು ಶುಲ್ಕಕ್ಕೆ ಸ್ವಲ್ಪ ಹಣ ಕಡಿಮೆ ಬಿದ್ದುದರಿಂದ ಮಾರಲು ಮನಸ್ಸು ಮಾಡಿದ್ದರು. ಶುಲ್ಕಕ್ಕೆಂದು ಕೂಡಿಸಿಟ್ಟ ಉಳಿದ ಹಣ ಅದೇ ಖಾತೆಯಲ್ಲಿತ್ತು. ಆ ನಾಲ್ಕು ಅಂಕೆಗಳನ್ನು ಒತ್ತಿದ್ದರೆ ಯಂತ್ರ ಮನೆಯಲ್ಲೇ ಉಳಿಯುತ್ತಿತ್ತು, ಕೂಡಿಸಿಟ್ಟ ಹಣ ಹೋಗುತ್ತಿತ್ತು.

ಉಪಯೋಗಿಸದ ಸಾಮಾನನ್ನು ಅಟ್ಟದಲ್ಲಿ ಧೂಳು ತಿನ್ನಲು ಬಿಡುವುದಕ್ಕಿಂತ ಬೇಕಾದವರಿಗೆ ಮಾರುವುದು ಒಳ್ಳೆಯದೇ. ಗುಜರಿಯವನು ತೂಕಕ್ಕೆ ಕೊಡುವ ಬೆಲೆಗಿಂತ ಹೆಚ್ಚು ಸಿಗುತ್ತದೆ. ಮನೆಯಿಂದ ಹೊರಗೆ ಹೋಗದೆಯೂ ಇದನ್ನು ಮಾಡಬಹುದು. ಆದರೆ ಮೊಬೈಲಿನೊಳಗಿನ ಸಂತೆಯಲ್ಲಿ ಕೊಳ್ಳುವವನ ಮುಖ ನಮಗೆ ಕಾಣುವುದಿಲ್ಲ, ನಮ್ಮ ಸಾಮಾನು ಅವನ ಕೈಗೆ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಎರಡು ವಿಷಯಗಳು ಮುಖ್ಯ: ನಾವು ಮೋಸ ಹೋಗಬಾರದು, ನಮ್ಮಿಂದ ಮೋಸವೂ ಆಗಬಾರದು.

ಪಿನ್ ಇರುವುದು ಹಣ ಕೊಡಲು

ಮೊದಲು ಈ ಒಂದು ಮಾತನ್ನು ಮನೆಯ ಎಲ್ಲರಿಗೂ ಹೇಳಿಕೊಡಿ. ಯುಪಿಐ ಪಿನ್ ಹಾಕಬೇಕಾಗಿರುವುದು ನಮ್ಮ ಖಾತೆಯಿಂದ ಹಣ ಕೊಡುವಾಗ ಅಥವಾ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವಾಗ. ನಮಗೆ ಹಣ ಬರಬೇಕಾದರೆ ಪಿನ್ ಬೇಡ, ಒಟಿಪಿ ಬೇಡ, ಯಾವ ಕೋಡನ್ನೂ ನಾವು ಸ್ಕ್ಯಾನ್ ಮಾಡಬೇಕಾಗಿಲ್ಲ. ಅಂಗಡಿಯಲ್ಲಿ ಸ್ಕ್ಯಾನ್ ಮಾಡುವವನು ಗಿರಾಕಿಯೇ ಹೊರತು ಅಂಗಡಿಯವನಲ್ಲ ತಾನೇ? ಇಲ್ಲಿ ಅಂಗಡಿಯವರು ನಾವು.

ಇನ್ನೊಂದು ಉಪಾಯವೂ ಇದೆ. "ಐನೂರರ ಬದಲು ತಪ್ಪಿ ಐದು ಸಾವಿರ ಹಾಕಿದೆ, ಉಳಿದದ್ದನ್ನು ಕೂಡಲೇ ಹಿಂತಿರುಗಿಸಿ, ಮಗು ಆಸ್ಪತ್ರೆಯಲ್ಲಿದೆ" ಎಂದು ಅಳುವ ಧ್ವನಿಯಲ್ಲಿ ಕರೆ ಬರುತ್ತದೆ. ಬ್ಯಾಂಕಿನದ್ದೇ ಎಂಬಂತೆ ತೋರುವ ಸಂದೇಶವೂ ಬಂದಿರುತ್ತದೆ. ಸಂದೇಶವನ್ನು ಯಾರು ಬೇಕಾದರೂ ಬರೆದು ಕಳುಹಿಸಬಹುದು. ಖಾತೆಯನ್ನು ತೆರೆದು ನೋಡಿ, ಹಣ ನಿಜವಾಗಿ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅಕಸ್ಮಾತ್ ಹಣ ಹೋಗಿಬಿಟ್ಟರೆ ನಾಚಿಕೆಯಿಂದ ಮುಚ್ಚಿಡಬೇಡಿ. ತಕ್ಷಣ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ಮುಂದೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು.

ಮೊದಲು ಮನೆಯವರಲ್ಲಿ ಕೇಳಿ

ಇದು ನಾನು ತಪ್ಪು ಮಾಡಿ ಕಲಿತ ಪಾಠ. ಉಮ್ಮ ತೀರಿಕೊಂಡ ಮರುವರ್ಷ ಅವರ ಒಂದು ಹಿತ್ತಾಳೆಯ ಕೊಡವನ್ನು ಮಾರಿಬಿಟ್ಟೆ. ಅದು ನನ್ನ ಮನೆಯಲ್ಲಿತ್ತು, ಯಾರೂ ಕೇಳಿರಲಿಲ್ಲ. ಕೆಲವು ತಿಂಗಳ ಬಳಿಕ ತಂಗಿ ಬಂದವಳು, "ಉಮ್ಮ ಬಾವಿಯಿಂದ ನೀರು ತರುತ್ತಿದ್ದ ಆ ಕೊಡ ಎಲ್ಲಿ?" ಎಂದು ಕೇಳಿದಳು. ನಾನು ಕೊಟ್ಟ ಅವಳ ಪಾಲಿನ ಹಣವನ್ನು ಅವಳು ಮುಟ್ಟಲಿಲ್ಲ, ಜಗಳವನ್ನೂ ಮಾಡಲಿಲ್ಲ. ಜಗಳ ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ತೀರಿಕೊಂಡವರು ಬಿಟ್ಟುಹೋದ ವಸ್ತು ಚಿಕ್ಕದಾಗಿದ್ದರೂ ಅದರಲ್ಲಿ ಎಲ್ಲ ವಾರಸುದಾರರ ಹಕ್ಕಿದೆ. ಯಾರ ಮನೆಯಲ್ಲಿದೆಯೋ ಅವರದ್ದೇ ಎಂದಾಗುವುದಿಲ್ಲ. ಮಾರುವ ಮುನ್ನ ಅಕ್ಕತಂಗಿಯರು, ಅಣ್ಣತಮ್ಮಂದಿರಲ್ಲಿ ಒಂದು ಮಾತು ಕೇಳಿ. ಅತ್ತೆಯ ಕಾಲದ ಸಾಮಾನಾದರೆ ಅತ್ತಿಗೆ ನಾದಿನಿಯರಲ್ಲೂ ಕೇಳಿ. ಒಂದು ಫೋನ್ ಕರೆಗೆ ತಗಲುವುದು ಐದು ನಿಮಿಷ. ಮಾರಿದ ಕೊಡ ಮರಳಿ ಬರುವುದಿಲ್ಲ.

ಬೆಲೆ ಕಟ್ಟುವುದು ಹೇಗೆ?

ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ. ನಿಮ್ಮ ವಸ್ತುವಿನಂಥದ್ದೇ ಐದಾರು ಜಾಹೀರಾತುಗಳನ್ನು ನೋಡಿ, ಒಂದೆರಡು ವಾರ ಬಿಟ್ಟು ಮತ್ತೆ ನೋಡಿ. ತಿಂಗಳುಗಟ್ಟಲೆ ಅಲ್ಲೇ ಇರುವುದರ ಬೆಲೆ ಹೆಚ್ಚಾಯಿತೆಂದು ಅರ್ಥ. ಹಿತ್ತಾಳೆ, ತಾಮ್ರದ ಪಾತ್ರೆಯಾದರೆ ಆ ದಿನದ ಗುಜರಿ ದರದಲ್ಲಿ ಅದರ ತೂಕಕ್ಕೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ಅದಕ್ಕಿಂತ ಕೆಳಗಿಳಿಯಬೇಡಿ. ಎಷ್ಟರವರೆಗೆ ಇಳಿಯಬಹುದೆಂದು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡರೆ ಚೌಕಾಶಿಯ ಬಿಸಿಯಲ್ಲಿ ಎಡವುವುದಿಲ್ಲ.

ಹಳೆಯದೆಲ್ಲವೂ ಬೆಲೆಬಾಳುವುದಿಲ್ಲ. ಆದರೆ ಕೆಲವಕ್ಕೆ ಹುಡುಕಿಕೊಂಡು ಬರುವವರಿದ್ದಾರೆ. ಎಚ್‌ಎಂಟಿ ಕೈಗಡಿಯಾರವನ್ನೇ ನೋಡಿ. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಇದರ ತಯಾರಿ ಆರಂಭವಾಯಿತು. ಗಡಿಯಾರದ ಕಂಪೆನಿಯನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಅಜ್ಜನ ಕಾಲದ ಕೀ ಕೊಡುವ ಜನತಾ, ಪೈಲಟ್ ಗಡಿಯಾರಗಳನ್ನು ಸಂಗ್ರಹಿಸುವವರು ಈಗಲೂ ಇದ್ದಾರೆ. ಆದರೆ ಅವರು ಮೊದಲು ಕೇಳುವುದು, ಡಯಲ್ ಮೂಲದ್ದೋ, ಹೊಸದಾಗಿ ಬಣ್ಣ ಬಳಿದದ್ದೋ ಎಂದು. ಆದ್ದರಿಂದ ಮಾರುವ ಮುನ್ನ ಹೊಸ ಡಯಲ್ ಹಾಕಿಸಲು ಖರ್ಚು ಮಾಡಬೇಡಿ, ಬೆಲೆ ಕುಗ್ಗುವುದೇ ಹೆಚ್ಚು.

ತಿಕ್ಕಿ ಹೊಳೆಯಿಸುವ ವಿಷಯದಲ್ಲೂ ಎಚ್ಚರ ಬೇಕು. ಗೃಹಿಣಿಯರಾದ ನಮಗೆ ಪಾತ್ರೆ ಎಂದರೆ ಹುಣಸೆಹುಳಿ ಹಾಕಿ ತಿಕ್ಕುವುದೇ ಅಭ್ಯಾಸ. ಬೀದರಿನ ಬಿದ್ರಿ ಹೂದಾನಿಯನ್ನೋ ಎಲೆಯಡಿಕೆ ಡಬ್ಬಿಯನ್ನೋ ಹಾಗೆ ತಿಕ್ಕಿದರೆ ಅದರ ಕಪ್ಪು ಹೋಗಿಬಿಡುತ್ತದೆ. ಆ ಕಪ್ಪಿನ ಮೇಲೆ ಹೊಳೆಯುವ ಬೆಳ್ಳಿಯೇ ಅದರ ಅಂದ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಚಿತ್ರ ಮತ್ತು ವಿವರ

ಬೆಳಗಿನ ಹೊತ್ತು ಕಿಟಕಿಯ ಬಳಿ ಒಂದೇ ಬಣ್ಣದ ಹಾಸು ಹಾಕಿ ಚಿತ್ರ ತೆಗೆಯಿರಿ. ಫ್ಲಾಶ್ ಬೇಡ, ಲೋಹದ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ. ಎದುರು, ಹಿಂದೆ, ಅಡಿಯ ಮುದ್ರೆ ಮತ್ತು ಹಾಳಾದ ಭಾಗ, ಈ ನಾಲ್ಕು ಇರಲೇಬೇಕು. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಚಿತ್ರದಲ್ಲಿ ಮಕ್ಕಳು, ಮನೆಯ ಹೆಸರು, ಗಾಡಿಯ ಸಂಖ್ಯೆ ಕಾಣದಂತೆ ನೋಡಿಕೊಳ್ಳಿ. ಹೊಳಪಿನ ಕೊಡದಲ್ಲಿ, ಕನ್ನಡಿಯಲ್ಲಿ ಚಿತ್ರ ತೆಗೆಯುವವರ ಪ್ರತಿಬಿಂಬ ಬಿದ್ದಿರುತ್ತದೆ, ಅದನ್ನೂ ಗಮನಿಸಿ.

ವಿವರದಲ್ಲಿ "ತುಂಬಾ ಚೆನ್ನಾಗಿದೆ, ಅಪರೂಪದ್ದು" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ವಸ್ತು ಯಾವುದು, ಯಾವುದರಿಂದ ಮಾಡಿದ್ದು, ಎತ್ತರ, ತೂಕ, ಎಷ್ಟು ವರ್ಷದಿಂದ ಮನೆಯಲ್ಲಿದೆ, ಏನು ಹಾಳಾಗಿದೆ ಎಂಬುದನ್ನು ಬರೆಯಿರಿ.

ದೋಷವನ್ನು ಮೊದಲು ಹೇಳಿ

ನೆರೆಮನೆಯ ಸಹೋದರಿಯ ಮೊದಲ ಜಾಹೀರಾತಿನಲ್ಲಿ "ಉತ್ತಮ ಸ್ಥಿತಿಯಲ್ಲಿದೆ" ಎಂದಷ್ಟೇ ಇತ್ತು. ನಾವಿಬ್ಬರೂ ಕುಳಿತು ಅದನ್ನು ಬದಲಾಯಿಸಿದೆವು: "ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ. ಇಪ್ಪತ್ತೆರಡು ವರ್ಷದಿಂದ ಮನೆಯಲ್ಲಿದೆ. ಹೊಲಿಗೆ ಸರಿಯಾಗಿ ಬೀಳುತ್ತದೆ. ಬೆಲ್ಟ್ ಸವೆದಿದೆ, ಬದಲಾಯಿಸಬೇಕು. ಮರದ ಹಲಗೆಯ ಒಂದು ಮೂಲೆ ಎದ್ದಿದೆ. ಬಂದು ಬಟ್ಟೆ ಹೊಲಿದು ನೋಡಿ ಕೊಳ್ಳಬಹುದು."

"ಇಷ್ಟೆಲ್ಲ ಬರೆದರೆ ಯಾರು ಬರುತ್ತಾರೆ?" ಎಂದು ಅವರಿಗೆ ಅನುಮಾನ. ಅನುಮಾನ ಸಹಜವೇ. ಆದರೆ ದೂರದಿಂದ ನೋಡುವವನಿಗೆ ಹಳೆಯ ಸಾಮಾನಿನಲ್ಲಿ ಏನಾದರೊಂದು ಇದ್ದೇ ಇರುತ್ತದೆ ಎಂಬುದು ಗೊತ್ತು. ನಾವು ಹೇಳದಿದ್ದರೆ ಇಲ್ಲದ್ದನ್ನೂ ಊಹಿಸಿಕೊಳ್ಳುತ್ತಾನೆ. ಹೇಳಿದರೆ ಉಳಿದದ್ದೆಲ್ಲ ಸರಿಯಿದೆ ಎಂದು ನಂಬುತ್ತಾನೆ. ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಪ್ರವಾದಿ(ಸ)ಯವರು ವ್ಯಾಪಾರಿಯನ್ನು ಕೇಳಿದ ಘಟನೆ ನಮಗೆಲ್ಲ ಗೊತ್ತಿರುವುದೇ. ಮೊಬೈಲಿನ ಪರದೆಯೂ ಅಂಥ ಒಂದು ರಾಶಿಯ ಮೇಲ್ಭಾಗ. ಒದ್ದೆಯನ್ನು ಒಳಗಿಡುವುದೂ ಮೇಲಿಡುವುದೂ ನಮ್ಮ ಕೈಯಲ್ಲಿದೆ.

ಮಾರುವಾಗ ಎಚ್ಚರ ಬೇಕಾದ ವಸ್ತುಗಳು

ಹಳೆಯ ನಾಣ್ಯ, ನೋಟಿಗೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ಸಂದೇಶಗಳು ಎಲ್ಲರ ಮೊಬೈಲಿನಲ್ಲೂ ಓಡಾಡುತ್ತವೆ. ನಂಬಿದವರಿಂದ ಮೊದಲು "ಶುಲ್ಕ", ಆಮೇಲೆ "ತೆರಿಗೆ" ಎಂದು ಹಣ ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಕಮಿಷನ್ನನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಮಾರುವವರು ಮುಂಗಡ ಹಣ ಕೊಡಬೇಕಾದ ವ್ಯಾಪಾರ ಎಲ್ಲೂ ಇಲ್ಲ.

ನಮ್ಮ ಹಿರಿಯರ ಮನೆಗಳಲ್ಲಿ ಕೈಬರಹದ ಹಳೆಯ ಕಿತಾಬುಗಳು ಇರುವುದುಂಟು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಇತಿಹಾಸ, ಸಾಹಿತ್ಯ, ಕಲೆಯ ದೃಷ್ಟಿಯಿಂದ ಮೌಲ್ಯವುಳ್ಳ 75 ವರ್ಷಕ್ಕೂ ಹಳೆಯ ಹಸ್ತಪ್ರತಿ, 100 ವರ್ಷಕ್ಕೂ ಹಳೆಯ ನಾಣ್ಯ, ಶಿಲ್ಪ, ಚಿತ್ರ, ಕರಕುಶಲ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಇವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು, ಕೆಲವು ಬಗೆಯವನ್ನು ನೋಂದಾಯಿಸಬೇಕು. ಖಾಸಗಿಯವರು ಇವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಗಲ್ಫಿನಲ್ಲಿರುವ ಗಿರಾಕಿಯೊಬ್ಬರು ಒಳ್ಳೆಯ ಬೆಲೆ ಹೇಳಿದರೆಂದು ಊರಿಗೆ ಬಂದ ನೆಂಟರ ಪೆಟ್ಟಿಗೆಯಲ್ಲಿ ಕಳುಹಿಸಿ ಅವರನ್ನು ತೊಂದರೆಗೆ ಸಿಲುಕಿಸಬೇಡಿ. ಹಾಗೆಯೇ ಆನೆದಂತದ ವಸ್ತು, ಗೋಡೆಗೆ ತೂಗುಹಾಕಿದ ಜಿಂಕೆಯ ಕೊಂಬುಗಳನ್ನು ಮಾರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ.

ಹಳೆಯ ಮೊಬೈಲ್ ಮಾರುವವರು ಇನ್ನಷ್ಟು ಜಾಗ್ರತೆ ವಹಿಸಬೇಕು. ಅದರಲ್ಲಿ ಮನೆಯ ಹೆಣ್ಣುಮಕ್ಕಳ ಚಿತ್ರಗಳಿರುತ್ತವೆ. ಒಂದೊಂದಾಗಿ ಅಳಿಸಿದರೆ ಸಾಲದು. ಬೇಕಾದದ್ದನ್ನು ಬೇರೆಡೆ ಉಳಿಸಿಕೊಂಡು, ಇಮೇಲ್ ಖಾತೆಯನ್ನು ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಿ. ಸಿಮ್ ಮತ್ತು ಮೆಮೊರಿ ಕಾರ್ಡನ್ನು ತೆಗೆದಿಟ್ಟುಕೊಳ್ಳಿ, ಕಾರ್ಡನ್ನು ಫೋನಿನ ಜೊತೆ ಮಾರಬೇಡಿ.

ಗಿರಾಕಿ ಬರುವಾಗ

ಜಾಹೀರಾತಿನಲ್ಲಿ ಫೋನ್ ಸಂಖ್ಯೆ ಕಾಣಿಸಬೇಕಾಗಿಲ್ಲ. ಓಎಲ್‌ಎಕ್ಸ್‌ನಂಥ ತಾಣಗಳಲ್ಲಿ ಅಲ್ಲೇ ಸಂದೇಶದ ಮೂಲಕ ಮಾತನಾಡಬಹುದು. ಸಾಮಾನಿನ ಮಾತು ಬಿಟ್ಟು ಬೇರೆ ಮಾತಿಗಿಳಿಯುವವರಿಗೆ ಉತ್ತರಿಸದೆ ಬ್ಲಾಕ್ ಮಾಡಿ. ಚಿಕ್ಕ ವಸ್ತುವಾದರೆ ಹಗಲು ಹೊತ್ತಿನಲ್ಲಿ ಜನಸಂಚಾರವಿರುವ ಅಂಗಡಿಯ ಎದುರು ಕೊಡಿ. ಕಪಾಟು, ಯಂತ್ರದಂಥ ದೊಡ್ಡ ಸಾಮಾನಿಗೆ ಗಿರಾಕಿ ಮನೆಗೇ ಬರಬೇಕಾಗುತ್ತದೆ. ಆಗ ಮನೆಯಲ್ಲಿ ಇನ್ನೊಬ್ಬರು ಇರುವ ಸಮಯ ನೋಡಿ ಕರೆಯಿರಿ, ಸಾಮಾನನ್ನು ಜಗಲಿಗೆ ತಂದಿಡಿ. ಹಣ ಕೈಗೆ ಅಥವಾ ಖಾತೆಗೆ ಬಂದ ಮೇಲೆಯೇ ಸಾಮಾನು ಹೊರಡಲಿ.

ಆ ಹೊಲಿಗೆ ಯಂತ್ರದ ಕತೆ ಏನಾಯಿತು? ಹತ್ತನೆಯ ದಿನ ಪಕ್ಕದ ಊರಿನಿಂದ ಒಬ್ಬ ಮಹಿಳೆ ಪತಿಯೊಂದಿಗೆ ಬಂದರು. ಬೆಲ್ಟ್ ಸವೆದಿದೆ ಎಂದು ಓದಿ ಹೊಸ ಬೆಲ್ಟನ್ನು ಚೀಲದಲ್ಲೇ ತಂದಿದ್ದರು! ಅದನ್ನು ಹಾಕಿ, ತುಂಡು ಬಟ್ಟೆಯೊಂದನ್ನು ಹೊಲಿದು ನೋಡಿ, ಐದು ಸಾವಿರದ ಇನ್ನೂರಕ್ಕೆ ಒಪ್ಪಿದರು. ಮಗನ ಶುಲ್ಕ ಸಮಯಕ್ಕೆ ಸರಿಯಾಗಿ ಕಟ್ಟಿಯಾಯಿತು. ಯಂತ್ರವನ್ನು ಗಾಡಿಗೆ ಏರಿಸುವಾಗ ಸಹೋದರಿಯ ಕಣ್ಣು ತುಂಬಿತ್ತು. ಕೊಂಡವರು ಅದನ್ನು ನೋಡಿ, "ಚಿಂತೆ ಮಾಡಬೇಡಿ ಅಕ್ಕಾ, ನಮ್ಮಲ್ಲೂ ಇದರಿಂದಲೇ ಮನೆ ನಡೆಯಬೇಕು" ಎಂದರು.